ಒಳ್ಳೆಯ ರಿಪೋರ್ಟು

ಇಪ್ಪತ್ತೊಂದು ದಿನ ಮಾತ್ರೆ, ಏಳು ದಿನ ಬಿಡುವು. ಎದೆಯ ಕ್ಯಾನ್ಸರ್ ಮೂಳೆಗೂ ಇಳಿದಿದೆ ಎಂದು ಗೊತ್ತಾದ ಮೇಲೆ ತುಮಕೂರಿನ ಡಾಕ್ಟರ್ ಸೌಂದರ್ಯ ನನಗೆ ಹಾಕಿದ ಕಟ್ಟಳೆ ಅದು. ಜೀವಕೋಶಕ್ಕೆ ‘ಒಂದಿದ್ದದ್ದು ಎರಡಾಗು’ ಎಂದು ಅಪ್ಪಣೆ ಕೊಡುವ ಕೈನೇಸ್ ಎಂಬ ಪ್ರೋಟೀನುಗಳಿವೆಯಂತೆ. ಒಂದಲ್ಲ, ಒಂದು ದೊಡ್ಡ ಮನೆತನವೇ ಇದೆಯಂತೆ. ಅದರಲ್ಲಿ ಇಬ್ಬರ ಬಾಯಿ ಕಟ್ಟುವ ಮಾತ್ರೆ ಇದು. ಮದುವೆಯೇ ಆಗದ ನನ್ನೊಳಗೆ ಅಷ್ಟು ದೊಡ್ಡ ಸಂಸಾರ ನಡೆಯುತ್ತಿದೆ ಎಂದು ಐವತ್ತೆಂಟು ವರ್ಷ ಗೊತ್ತೇ ಇರಲಿಲ್ಲ.

ಈ ಮಾತ್ರೆಗೆ ಒಂದು ಕೆಟ್ಟ ಬುದ್ಧಿಯೂ ಇದೆ. ರೋಗ ತಡೆಯುವ ಬಿಳಿ ರಕ್ತಕಣಗಳನ್ನೂ ಇಳಿಸಿಬಿಡುತ್ತದೆ. ಅದಕ್ಕೇ ಜನ ಬೇಡ, ದೂಳು ಬೇಡ, ಬೂಷ್ಟು ಬೇಡ ಎಂದರು. ನನಗಿರುವುದೇ ಅಷ್ಟು. ಚಿಕ್ಕನಾಯಕನಹಳ್ಳಿಯ ರೇಣುಕಪ್ರಸಾದರ ಕೊಬ್ಬರಿ ಷೆಡ್ಡಿನಲ್ಲಿ ಐದು ಜನ ಹೆಂಗಸರು ಸುತ್ತ ಕೂತು ಕರಟ ಬಿಡಿಸುತ್ತೇವೆ. ಕೈಗಿಂತ ಬಾಯಿ ಹೆಚ್ಚು ಓಡುತ್ತದೆ.

ಮೊದಲ ಸುತ್ತಿನಲ್ಲಿ ಮಂಡಿನೋವು ಎಂದು ಸುಳ್ಳು ಹೇಳಿ ಮನೆಯಲ್ಲೇ ಕೂತೆ. ಮೂರು ವಾರದಲ್ಲಿ ನನ್ನ ದನಿ ನನಗೇ ಮರೆತುಹೋಯಿತು. ಗೋಡೆ ಗಡಿಯಾರವನ್ನು ಬೈಯಲು ಶುರುಮಾಡಿದ್ದೆ. ಎರಡನೇ ಸುತ್ತಿಗೆ ಮಾತ್ರೆಯ ಡಬ್ಬಿ ತೆರೆಯಲೇ ಇಲ್ಲ, ನೇರ ಷೆಡ್ಡಿಗೆ ಹೋಗಿ ಕೂತೆ. ಎಷ್ಟು ಸುಖವಾಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

ಹದಿನೈದನೇ ದಿನ ರಕ್ತ ಪರೀಕ್ಷೆ. ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ಎರಡು ವಾರ ಈ ಮಾತ್ರೆ ನುಂಗಿದವರಿಗೆ ಬಿಳಿ ರಕ್ತಕಣ ಇಷ್ಟು ಭರ್ತಿಯಾಗಿರುವುದು ಅಪರೂಪವಂತೆ. ರಿಪೋರ್ಟು ಚೆನ್ನಾಗಿ ಬಂದದ್ದಕ್ಕೇ ಸಿಕ್ಕಿಬಿದ್ದೆ. ಒಪ್ಪಿಕೊಂಡೆ. ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ, ಅವರು ಬೈಯಲಿಲ್ಲ.

“ನೀವು ಮಾತ್ರೆ ಬಿಟ್ಟ ಹದಿನಾಲ್ಕು ದಿನ ಅದು ಸುಮ್ನಿರ್ಲಿಲ್ಲ, ಗುರುಶಾಂತಮ್ಮ,” ಎಂದರು ಅಷ್ಟೆ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಬದುಕುವ ಆಸೆ ನನಗಿನ್ನೂ ಇತ್ತು. ಅದಿದ್ದದ್ದೇ ಆ ನಾಲ್ವರ ಜೊತೆ ಕೂರಲು. ಈಗ ಬದುಕಬೇಕೆಂದರೆ ಅವರನ್ನೇ ಬಿಡಬೇಕು.

ಇಳಿದು ಷೆಡ್ಡಿನ ಬಾಗಿಲಿಗೆ ಹೋದೆ. ದಿನಾ ನನ್ನ ಪಕ್ಕ ಕೂರುವ ನಿಂಗಮ್ಮ ಸರಿದು ಜಾಗ ಬಿಟ್ಟಳು. ನಾಳೆಯಿಂದ ಬರುವುದಿಲ್ಲ ಎಂದೆ.

“ಯಾಕಕ್ಕ, ನಾವೇನಂದ್ವಿ?” ಎಂದಳು.

ಕಾಯಿಲೆಯ ಹೆಸರು ಬಾಯಿಯವರೆಗೂ ಬಂತು. ಹೋದ ವರ್ಷ ನಮ್ಮ ಕೇರಿಯ ಪುಟ್ಟಗಂಗಮ್ಮನಿಗೆ ಆಪರೇಷನ್ ಆದಾಗ ಬ್ರೆಡ್ಡು, ಬಾಳೆಹಣ್ಣು ಹಿಡಿದು ಕೇರಿಗೆ ಕೇರಿಯೇ ನೋಡಲು ಹೋಗಿತ್ತು. ಮಂಚದ ಮೇಲೆ ಅವಳಿಗೇ ಜಾಗ ಇರಲಿಲ್ಲ. ಅದರಲ್ಲಿ ನಾನೂ ಇದ್ದೆ. ಈಗ ಹೇಳಿದರೆ ಸಂಜೆಯೊಳಗೆ ಎಲ್ಲರೂ ನನ್ನ ಮನೆಯಲ್ಲಿರುತ್ತಾರೆ. ಹೋಗಿ ಎನ್ನಲು ನನ್ನಿಂದಾಗುವುದಿಲ್ಲ.

“ನಿಮ್ ಮಾತು ಕೇಳಿ ಕೇಳಿ ನಂಗೆ ಸಾಕಾಗೈತೆ ಬುಡು,” ಎಂದೆ.

ನಿಂಗಮ್ಮ ನನಗೆ ಬಿಟ್ಟಿದ್ದ ಜಾಗಕ್ಕೆ ಕರಟದ ಕುಕ್ಕೆ ಎಳೆದಿಟ್ಟುಕೊಂಡಳು.

ಮನೆಗೆ ಬಂದು ಮಾತ್ರೆ ನುಂಗಿದೆ. ಬಾಗಿಲು ಹಾಕಿರಲಿಲ್ಲ. ಯಾರೂ ಬರಲಿಲ್ಲ.