ಪರದೆಯ ಹಿಂದಿನ ಹೊಗೆ

ಅಂಗಡಿಗಳಲ್ಲಿ ಬೀಡಿ ಸಿಗರೇಟು ಸೇದಕೂಡದು ಎಂಬ ಕಾನೂನು ಬಂದಾಗ, ಆ ಬೀದಿಯಲ್ಲಿ ಮೊದಲು ಬೋರ್ಡಿಗೆ ಮೊಳೆ ಹೊಡೆದವನು ನಮ್ಮ ದರ್ಜಿಯೇ. ಗಿರಾಕಿ ಜೇಬಿಗೆ ಕೈ ಹಾಕಿದರೆ ಸಾಕು, "ಸಾರ್, ಕಾನೂನು ಸಾರ್, ಹೊರಗೆ" ಎನ್ನುತ್ತಿದ್ದ. ತಪಾಸಣೆಗೆ ಬಂದ ಅಧಿಕಾರಿ ಅವನ ಬೆನ್ನು ತಟ್ಟಿ ಹೋದ.

ಆ ಪುಣ್ಯಾತ್ಮ ಹಿಂದಿನ ಪರದೆ ಸರಿಸಿ ನೋಡಬೇಕಿತ್ತು. ಅಲ್ಲೊಂದು ಗೂಡು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಕೂರುತ್ತಿದ್ದವಳು ಅವನ ಹೆಂಡತಿ, ಗುಂಡಿ ಹಾಕುತ್ತಾ, ಕಾಜಾ ಹೊಲಿಯುತ್ತಾ. ನಿಲ್ಲುತ್ತಿದ್ದವನು ಇವನು, ಸಿಗರೇಟು ಹಚ್ಚಿಕೊಂಡು. ಕಿಟಕಿ ಎಂಬುದು ಹೆಸರಿಗೂ ಇರಲಿಲ್ಲ.

ಮಗಳು ಚಿಕ್ಕವಳಿದ್ದಾಗಲೇ ಅತ್ತು ಕರೆದು, ಇನ್ನು ಸೇದುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡಿದ್ದಳು. ಮನೆಯಲ್ಲಿ ಅವನು ಮತ್ತೆ ಮುಟ್ಟಲಿಲ್ಲ. ಅಪ್ಪ ಬಿಟ್ಟೇಬಿಟ್ಟ ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿದಳು. ಬಿಟ್ಟದ್ದೇನೋ ನಿಜ, ಹೊಗೆಯನ್ನು, ಹೆಂಡತಿಯ ಮುಖಕ್ಕೆ. ಅಂಗಿಯಲ್ಲಿ ವಾಸನೆ ಬಂದರೆ ಗಿರಾಕಿಗಳ ತಲೆಗೆ ಕಟ್ಟುತ್ತಿದ್ದ. ಹೆಂಡತಿ ಕೆಮ್ಮಿದಾಗೆಲ್ಲ "ಬಟ್ಟೆ ಧೂಳು ಕಣ್ರೀ" ಎನ್ನುತ್ತಿದ್ದಳು. ಅವನಿಗೂ ಅಷ್ಟೇ ಬೇಕಿತ್ತು.

ಈಗ ಮೂವರೂ ಡಾಕ್ಟರ ಮುಂದೆ ಕೂತಿದ್ದರು. ಶ್ವಾಸಕೋಶದ ಕ್ಯಾನ್ಸರು, ಕೈಮೀರಿದೆ ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು.

"ನೀವು ಸೇದ್ತಿದ್ರಾ ಅಮ್ಮಾ?"

"ಅಯ್ಯೋ, ಇಲ್ಲಪ್ಪ."

"ಪಕ್ಕದಲ್ಲಿ ಯಾರಾದ್ರೂ? ಬೇರೆಯವರು ಬಿಟ್ಟ ಹೊಗೆಯಿಂದ್ಲೂ ಹೀಗಾಗತ್ತೆ."

ದರ್ಜಿ ತುಟಿ ಬಿಚ್ಚುವ ಮೊದಲೇ ಹೆಂಡತಿ ಹೇಳಿಬಿಟ್ಟಳು. "ಅಂಗಡಿಗೆ ಬರೋ ಗಿರಾಕಿಗಳು."

"ಕದ್ದು ಸೇದ್ತಿದ್ರಾ ಮನೆಹಾಳರು!" ಮಗಳು ಸಿಡಿದಳು. "ಅವ್ರ ಕೈ ಸೇದಿಹೋಗ!"

ದರ್ಜಿ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಮಗಳು ಔಷಧಿ ತರಲು ಹೋದಳು. ಹೊರಗಿನ ಬೆಂಚಿನಲ್ಲಿ ಇಬ್ಬರೇ ಉಳಿದರು. ಅವನು ಮೂಗು ಸುರಿಸಿಕೊಂಡು ಅಳುತ್ತಿದ್ದ. ಓಡಾಡುವವರು ನೋಡುತ್ತಿದ್ದಾರೆಂಬ ಪರಿವೆಯೂ ಇರಲಿಲ್ಲ.

"ನನ್ ಮೇಲೆ ಕೋಪ ಇಲ್ವೇನೇ ನಿಂಗೆ?"

"ಬೇಕಾದಷ್ಟಿದೆ. ಕೂಗಾಡೋಕೆ ಉಸಿರೆಲ್ಲಿದೆ?"

"ಅವಳಿಗೆ ಹೇಳಿಬಿಡ್ತೀನಿ. ನಾನೇ ಅಂತ."

ಹೆಂಡತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಆಡಬೇಕಾದ ಮಾತಿಗೆ ಸ್ವಲ್ಪ ಸ್ವಲ್ಪವೇ ಉಸಿರು ಕೂಡಿಸಿಕೊಂಡಳು.

"ಸುಮ್ನಿರಿ. ನಾನು ಹೋದ್ಮೇಲೆ ನಿಮಗೊಂದು ತುತ್ತು ಹಾಕೋಳು ಅವಳೊಬ್ಬಳೇ. ಅವಳನ್ನೂ ಕಳ್ಕೋಬೇಡಿ."

ಈ ಹೆಂಗಸಿಗೆ ತಾನು ಏನು ಕೊಟ್ಟೆ, ಇವಳು ತನಗೆ ಏನು ಕೊಟ್ಟು ಹೋಗುತ್ತಿದ್ದಾಳೆ ಎಂದುಕೊಳ್ಳುತ್ತಾ ಅವನು ಮೂಗು ಒರೆಸಿಕೊಂಡ.

ಮಗಳು ಔಷಧಿಯ ಚೀಲ ಹಿಡಿದು ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಅಪ್ಪನ ಪಕ್ಕದಲ್ಲಿ ಕೂತು, ಅವನ ಬೆನ್ನು ಸವರಿದಳು.

"ಅಪ್ಪಾ, ನಿನ್ನ ಎದೇನೂ ಒಂದ್ಸಲ ತೋರಿಸಿಬಿಡೋಣ. ಪಾಪ, ನೀನೂ ಅದೇ ಹೊಗೆ ಕುಡಿದೋನಲ್ವಾ?"

ಹೆಂಡತಿಯ ಉಗುರು ತೋಳಿಗೆ ನಾಟಿತು.

"ಆಯ್ತಮ್ಮ" ಎಂದ ದರ್ಜಿ.