ಗಂಟೆಯ ಮೇಲಿನ ಬೆರಳು

ಫಿಸಿಯೋಥೆರಪಿ ಮಾಡಿಸುವ ಅಕ್ಕನಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಖಿನ್ನತೆಗೆ ವ್ಯಾಯಾಮವೂ ಒಂದು ಚಿಕಿತ್ಸೆ ಎಂದು ಆಸ್ಪತ್ರೆಯ ಮೀಟಿಂಗ್ ಕೋಣೆಯಲ್ಲಿ ಡಾಕ್ಟರುಗಳ ಮುಂದೆ ನಿಂತು ಬಾಯಿ ಒಣಗುವವರೆಗೆ ಹೇಳಿದ್ದಳು. ನಡಿಗೆಯೋ ಭಾರ ಎತ್ತುವುದೋ, ಯಾರಾದರೂ ಜೊತೆಗಿದ್ದು ಮಾಡಿಸಿದರೆ ಹಲವರು ಚೇತರಿಸಿಕೊಳ್ಳುತ್ತಾರೆಂಬ ಅಧ್ಯಯನಗಳನ್ನು ಪರದೆಯ ಮೇಲೆ ತೋರಿಸಿದ್ದಳು. ಕೇಳುವವರಿಗೆ ಊಟದ ಡಬ್ಬಿಯ ಚಿಂತೆ.

"ಇದ್ರಲ್ಲಿ ಹೊಸದೇನಮ್ಮ?" ಎಂದರು ದೊಡ್ಡ ಡಾಕ್ಟರು, ಬಾಯಿ ಒರೆಸಿಕೊಳ್ಳುತ್ತ. "ಸ್ವಲ್ಪ ನಡೀರಿ ಅಂತ ನಾನು ಎಲ್ಲರಿಗೂ ಹೇಳ್ತೀನಲ್ಲ."

"ಹೇಳ್ತೀರಿ ಸಾರ್. ಗಂಟೆ ಮೇಲೆ ಬೆರಳಿಟ್ಕೊಂಡು ಹೇಳ್ತೀರಿ."

ಯಾರೋ ಕಿಸಕ್ಕೆಂದರು. ದೊಡ್ಡ ಡಾಕ್ಟರ ಮೇಜಿನ ಗಂಟೆ ಆಸ್ಪತ್ರೆಗೆಲ್ಲ ಗೊತ್ತು. ಅದು ಬಾರಿಸಿತೆಂದರೆ ಒಳಗಿದ್ದವರು ಏಳಬೇಕು, ಹೊರಗಿದ್ದವರು ಬರಬೇಕು. ಮಾತ್ರೆಯನ್ನು ಬರೆದು, ವಿವರಿಸಿ ಕೊಡುವರು. ನಡಿಗೆಯನ್ನು ಮಾತ್ರ ಗಂಟೆಯ ಸದ್ದಿನ ಜೊತೆ ಬೆನ್ನಿಗೆ ಎಸೆಯುವರು.

ಹಾಗೆ ಬೆನ್ನಿಗೆ ಎಸೆಸಿಕೊಂಡವರಲ್ಲಿ ಅಕ್ಕನ ಒಡಹುಟ್ಟಿದ ತಂಗಿಯೂ ಒಬ್ಬಳು. ಜೊತೆಗೆ ಬಂದಿದ್ದ ಗಂಡ ಮಾತ್ರೆಯ ಹೆಸರು ಮರೆತ, ನಡೆಯಿರಿ ಎಂಬ ಆ ಒಂದು ಮಾತನ್ನು ಗಂಟು ಕಟ್ಟಿಕೊಂಡ. "ಡಾಕ್ಟರೇ ಹೇಳಿದಾರೆ ಕಣೇ, ನಿಂಗೇನೂ ಆಗಿಲ್ಲ, ಮೈಗಳ್ಳತನ ಅಷ್ಟೆ. ಏಳು, ನಡಿ!" ದಿನವೂ ಅದೇ ರಾಗ. ಗಾಯದ ಮೇಲೆ ಬರೆ. "ಕಾಯಿಲೆನೇ ಅಲ್ಲದ ಮೇಲೆ ಮಾತ್ರೆ ಯಾಕಕ್ಕ?" ಎಂದ ತಂಗಿ ಅದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಇವತ್ತು ಅಕ್ಕ ಹೇಗೋ ಎಬ್ಬಿಸಿ ತಂದು, ಗಂಡನ ಪಕ್ಕ ಹೊರಗಿನ ಬೆಂಚಿನಲ್ಲಿ ಕೂರಿಸಿದ್ದಳು.

"ಹಾಗಾದ್ರೆ ಮಾತ್ರೆ ಬೇಡ, ಓಡಾಡಿದ್ರೆ ಸಾಕು ಅಂತೀಯಾ?" ದೊಡ್ಡ ಡಾಕ್ಟರು ಕೆಣಕಿದರು.

"ಯಾರು ಸಾರ್ ಹಾಗಂದೋರು? ಮಾತ್ರೆ ಅದರ ಪಾಡಿಗೆ ಇರ್ಲಿ. ಇದನ್ನೂ ಔಷಧಿ ಅಂತಾನೇ ಬರೀರಿ. ಎಷ್ಟು, ಯಾರ ಜೊತೆ, ಮತ್ತೆ ಯಾವಾಗ ಬರ್ಬೇಕು, ಎಲ್ಲಾನೂ. ಏಳೋಕಾಗದೇ ಇರೋದೇ ಈ ಕಾಯಿಲೆ. ಬಾವೀಲಿ ಬಿದ್ದೋರಿಗೆ ಮೇಲೆ ಬಾ ಅಂದ್ರೆ ಬರ್ತಾರಾ? ಹಗ್ಗ ಬೇಡ್ವಾ?"

ಡಾಕ್ಟರುಗಳೆಲ್ಲ ಡಬ್ಬಿ ಮುಚ್ಚಿ ಎದ್ದರು.

ಅಕ್ಕ ಬಿಡುವವಳಲ್ಲ. ತಂಗಿಯನ್ನೂ ಅವಳ ಗಂಡನನ್ನೂ ಕರೆದುಕೊಂಡು ದೊಡ್ಡ ಡಾಕ್ಟರ ಹಿಂದೆಯೇ ಅವರ ಕೋಣೆಗೆ ನುಗ್ಗಿದಳು. ಅವರು ತಲೆ ಎತ್ತದೆ ಮಾತ್ರೆ ಬರೆದರು. "ಸ್ವಲ್ಪ ನಡೀ..." ಎನ್ನುತ್ತಲೇ ಬೆರಳು ಗಂಟೆಯತ್ತ ಹೋಯಿತು. ಅಕ್ಕ ಗಂಟೆಯ ಮೇಲೆ ಅಂಗೈ ಒತ್ತಿದಳು.

"ಕೈ ತೆಗಿಯಮ್ಮ!"

"ಇನ್ನೊಂದು ಔಷಧಿ ಬಾಕಿ ಇದೆ ಸಾರ್. ಇವಳ ಯಜಮಾನರಿಗೂ ಕೇಳೋ ಹಾಗೆ ಹೇಳಿ."

ಡಾಕ್ಟರ ಮುಖ ಕೆಂಪಾಯಿತು. ಬಾರಿಸಲು ಗಂಟೆಯಿಲ್ಲದೆ, ಮೊದಲ ಸಲ ತಂಗಿಯ ಮುಖ ನೋಡಿದರು. ನೋಡುತ್ತಲೇ ಇದ್ದರು. ಪೆನ್ನು ಮತ್ತೆ ಚೀಟಿಗಿಳಿಯಿತು.

"ಇದು ಕಾಯಿಲೆ ಕಣಯ್ಯ, ಸೋಮಾರಿತನ ಅಲ್ಲ," ಎಂದು ಗಂಡನಿಗೆ ಗದರಿದರು, ತಾವೇ ಕಂಡುಹಿಡಿದವರ ಹಾಗೆ. "ಮಾತ್ರೆ ಬಿಡಿಸಬೇಡ. ದಿನಾ ನೀನೂ ಜೊತೆಗೆ ನಡಿ. ಬರ್ದಿದೀನಿ, ನೋಡ್ಕೋ."

ಗಂಡ ತಲೆ ಕೆರೆದುಕೊಂಡ. ತಂಗಿ ತಾನೇ ಕೈ ಚಾಚಿ ಚೀಟಿ ತೆಗೆದುಕೊಂಡಳು.

ಅಕ್ಕನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೊರಗೆ ಬೆಂಚು ತುಂಬಿತ್ತು.

"ಗಂಟೆ ನನ್ನ ಕೈ ಕೆಳಗೇ ಇರ್ಲಿ ಸಾರ್," ಎಂದಳು ಅಂಗೈ ತೆಗೆಯದೆ. "ಮುಂದಿನೋರನ್ನ ನಾನೇ ಕರೀತೀನಿ."