ಗ್ಯಾರೇಜಿನ ಬಟ್ಟೆ

ಸಿದ್ದಲಿಂಗಪ್ಪನವರ ಕೈಗೆ ಸಿಕ್ಕ ಯಾವ ಹಳೆಯ ಕಾರೂ ಗುಜರಿಗೆ ಹೋದದ್ದಿಲ್ಲ. ಸಿಡ್ನಿಯ ಗಿರಾವೀನ್‌ನ ಕನ್ನಡದವರೆಲ್ಲ ಈ ಮಾತು ಹೇಳುತ್ತಿದ್ದರು. ಯಾರೂ ಹೇಳದ ದಿನ ಅವರೇ ಹೇಳಿಕೊಳ್ಳುತ್ತಿದ್ದರು. ವಾರದಲ್ಲಿ ಐದು ದಿನ ರೈಲು ಹತ್ತಿ ಚಾಟ್ಸ್‌ವುಡ್‌ನ ಆಫೀಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಬಾಯಿ ಮುಚ್ಚಿಕೊಂಡು ಕೂರುವ ಮನುಷ್ಯ, ಶನಿವಾರ ಬೆಳಿಗ್ಗೆ ನೀಲಿ ಓವರಾಲ್ ತೊಟ್ಟರೆ ಬೇರೆಯೇ ಆಗಿಬಿಡುತ್ತಿದ್ದರು. ವ್ಯಾಲಿಯಂಟ್ ಚಾರ್ಜರ್, ಹೋಲ್ಡನ್ ಮೊನಾರೊ, ಫೋರ್ಡ್ ಫಾಲ್ಕನ್ ಅಂದರೆ ಅವರಿಗೆ ಪ್ರಾಣ. ಎಲ್ಲವೂ ಎಪ್ಪತ್ತರ ಆಸುಪಾಸಿನವು. ಉದ್ದ ಮೂತಿ, ದೈತ್ಯ ಎಂಜಿನ್ನು, ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಕಿಟಕಿ ನಡುಗಬೇಕು. ಯಾರದೋ ಹಿತ್ತಲಲ್ಲಿ ಕೋಳಿಗೂಡಾಗಿ ಕೊಳೆಯುತ್ತಿದ್ದ ಗಾಡಿಯನ್ನು ಟ್ರೇಲರಿನಲ್ಲಿ ಎಳೆದು ತಂದು, ಒಂದೊಂದು ಬೋಲ್ಟನ್ನೂ ಬಿಚ್ಚಿ, ತುಕ್ಕು ಕೆರೆದು, ತಿರುಗಿ ಜೋಡಿಸಿ, ಬಣ್ಣ ಹೊಡೆದು ರಸ್ತೆಗಿಳಿಸುವುದಕ್ಕೆ ಎರಡು ಮೂರು ವರ್ಷ ಹಿಡಿಯುತ್ತಿತ್ತು. ಮೂವತ್ತು ವರ್ಷಗಳಲ್ಲಿ ಹೀಗೆ ಹನ್ನೊಂದು ಕಾರುಗಳಿಗೆ ಜೀವ ಬಂತು.

ಹೆಂಡತಿ ವಾಸಂತಿ ಆ ಕಾರುಗಳನ್ನು ಎಮ್ಮೆಗಳೆಂದೂ ಗ್ಯಾರೇಜನ್ನು ಕೊಟ್ಟಿಗೆಯೆಂದೂ ಕರೆಯುತ್ತಿದ್ದರು. ನಮ್ಮನೆಯವರು ಕೊಟ್ಟಿಗೆಯಲ್ಲಿದ್ದಾರೆ ಎಂದು ಫೋನಿನಲ್ಲಿ ಹೇಳಿದರೆ, ದಾವಣಗೆರೆಯ ಅತ್ತೆ ಮೊದಮೊದಲು ನಿಜವೆಂದೇ ನಂಬಿ, ಹಾಲು ಎಷ್ಟು ಕೊಡುತ್ತವೆ ಎಂದು ವಿಚಾರಿಸಿದ್ದರಂತೆ. ಹಾಲು ಕೊಡದಿದ್ದರೂ ಸಗಣಿ ಬಳಿಯುವ ಕೆಲಸ ವಾಸಂತಿಗೆ ತಪ್ಪಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಲಿಂಗಪೂಜೆ ಮುಗಿಸದೆ ಕಾಫಿ ಮುಟ್ಟುವ ಹೆಂಗಸಲ್ಲ ಆಕೆ. ಆ ಸೀರೆ ಒಗೆಯುವ ಮಷೀನಿಗೆ ಗ್ಯಾರೇಜಿನ ಬಟ್ಟೆ ಹಾಕುವುದೆಂದರೇನು? ಭಾನುವಾರ ಸಂಜೆ ಗಂಡನ ಓವರಾಲನ್ನು ಲಾಂಡ್ರಿ ಕೋಣೆಗೆ ಒಯ್ಯುತ್ತಿದ್ದರು. ಧೂಳು ಅಡುಗೆಮನೆಗೆ ಬಾರದಿರಲಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಪಟಪಟನೆ ಕೊಡವಿ, ಜೇಬುಗಳನ್ನು ಒಳಗುಹೊರಗು ಮಾಡಿ ಝಾಡಿಸಿ, ಬಕೆಟ್ಟಿನಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಗಸಗಸ ತಿಕ್ಕುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಒಂದು ಭಾನುವಾರವೂ ಇದು ತಪ್ಪಲಿಲ್ಲ. ಹೊರಗೆ ಅಂಗಳದಲ್ಲಿ ಕೊಡವಬಹುದಿತ್ತು. ಆದರೆ ಪಕ್ಕದವರ ಒಣಹಾಕಿದ ಬಟ್ಟೆಯ ಮೇಲೆ ನಮ್ಮ ಕೊಳೆ ಹಾರಬಾರದೆಂಬ ಸಂಕೋಚ ಆಕೆಗೆ.

ಹೋದ ವರ್ಷ ವಾಸಂತಿಗೆ ಒಣಕೆಮ್ಮು ಹತ್ತಿತು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯಲ್ಲಿ ನೀರು ತುಂಬಿದೆ ಎಂದು ತೆಗೆದರು, ಎರಡೇ ವಾರದಲ್ಲಿ ಮತ್ತೆ ತುಂಬಿತು. ಕೊನೆಗೆ ದೊಡ್ಡ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಇದು ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್, ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಧೂಳಿನಿಂದ ಬರುವಂಥದ್ದು. ಒಳಗೆ ಹೋದ ಧೂಳು ಇಪ್ಪತ್ತು, ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಏಳುತ್ತದೆ. ವಾಸಿ ಮಾಡುವ ಔಷಧಿ ಇಲ್ಲ. ಹೆಚ್ಚೆಂದರೆ ಒಂದು ವರ್ಷ.

ಆ ಮಧ್ಯಾಹ್ನವೇ ಒಬ್ಬ ನರ್ಸ್ ಫಾರ್ಮ್ ಹಿಡಿದು ಬಂದಳು. ನೀವು ಎಂದಾದರೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದೀರಾ? ಇಲ್ಲ. ಸಿಮೆಂಟ್ ಶೀಟಿನ ಗೋಡೆಯ ಹಳೆಯ ಫೈಬ್ರೊ ಮನೆಯಲ್ಲಿ ಇದ್ದಿರಾ? ವಾಸಂತಿಯ ಮುಖ ಬಿಳಿಚಿತು. ಗಿರಾವೀನ್‌ನ ಮನೆ ಫೈಬ್ರೊ ಮನೆಯೇ. ಆ ಕಾಲದ ಶೀಟಿನಲ್ಲಿ ಕಲ್ನಾರು ಇರುತ್ತದೆಂದು ಇಲ್ಲಿ ಎಲ್ಲರಿಗೂ ಗೊತ್ತು. ದೇವರ ಗೂಡು ಹಾಕಲು ತಾನೇ ಗೋಡೆಗೆ ಡ್ರಿಲ್ ಹಿಡಿದದ್ದನ್ನು ಆಕೆ ಹೇಳಿದರು. ನರ್ಸ್ ಬರೆದುಕೊಂಡಳು. ಕೊನೆಯ ಪ್ರಶ್ನೆ, ಧೂಳಿನ ಕೆಲಸ ಮಾಡುವ ಯಾರದಾದರೂ ಬಟ್ಟೆ ಒಗೆಯುತ್ತಿದ್ದಿರಾ ಎಂಬುದು. ವಾಸಂತಿ ಗಂಡನ ಕಡೆ ತಿರುಗಿ ಸ್ವಲ್ಪ ಹೆಮ್ಮೆಯಿಂದಲೇ, ಇಲ್ಲ, ಇವರದು ಚಾಟ್ಸ್‌ವುಡ್‌ನಲ್ಲಿ ಕಂಪ್ಯೂಟರ್ ಕೆಲಸ ಎಂದರು. ಸಿದ್ದಲಿಂಗಪ್ಪ ಹೌದೆಂದು ತಲೆಯಾಡಿಸಿದರು. ಹೇಳಿದ್ದರಲ್ಲಿ ಸುಳ್ಳೇನಿತ್ತು?

ಸುಳ್ಳೇನಿತ್ತೆಂದು ಅವರಿಗೆ ಗೊತ್ತಿತ್ತು. ಆ ಕಾಲದ ಯಾವ ಕಾರಾದರೂ ಸರಿ, ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಚಕ್ರ ಬಿಚ್ಚಿ ಬ್ರೇಕ್ ಡ್ರಮ್ ತೆಗೆದರೆ ಒಳಗೆ ಬೂದಿಯಂಥ ನುಣ್ಣನೆಯ ಧೂಳು. ಕಂಪ್ರೆಸರಿನ ಗಾಳಿ ಹೊಡೆದರೆ ಕ್ಷಣದಲ್ಲಿ ಡ್ರಮ್ ಫಳಫಳ, ಧೂಳೆಲ್ಲ ಗ್ಯಾರೇಜಿನಲ್ಲಿ, ಮೈಮೇಲೆ, ಬಟ್ಟೆಯಲ್ಲಿ. ಇಪ್ಪತ್ತೈದು ವರ್ಷದ ಹಿಂದೆ ಹಳೆಯ ಕಾರುಗಳ ಕ್ಲಬ್ಬಿನ ಮುದುಕನೊಬ್ಬ ಅವರ ಭುಜ ಹಿಡಿದು, ಗಾಳಿ ಹೊಡೆಯಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು, ಅದು ಸಾವಿನ ಪುಡಿ ಎಂದಿದ್ದ. ಸಿದ್ದಲಿಂಗಪ್ಪ ಮಾಸ್ಕ್ ಕೊಂಡು ತಂದು ಮೂರು ವಾರ ಹಾಕಿಕೊಂಡರು. ಸೆಕೆಯಾಯಿತು, ಕನ್ನಡಕ ಮಂಜಾಯಿತು, ಬಿಸಾಡಿದರು. ತಮ್ಮ ಮೂಗಿನ ಬಗ್ಗೆಯಾದರೂ ಮೂರು ವಾರ ಯೋಚಿಸಿದ ಮಹಾರಾಯರು, ಆ ಬಟ್ಟೆ ಕೊಡವುವಾಕೆಯ ಮೂಗಿನ ಬಗ್ಗೆ ಮೂರು ನಿಮಿಷವೂ ಯೋಚಿಸಿರಲಿಲ್ಲ.

ಈಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಸಾಯುವವಳಿಗೆ ಇದನ್ನು ಹೇಳಿ ಇನ್ನೊಂದು ನೋವು ಯಾಕೆ ಕೊಡಲಿ ಎಂದುಕೊಂಡರು. ಹೆದರಿಕೆಗೆ ಕರುಣೆಯ ಅಂಗಿ ತೊಡಿಸಿಕೊಂಡು ಓಡಾಡಿದರು, ಅಷ್ಟೇ.

ಆದರೆ ವಾಸಂತಿಯನ್ನು ರೋಗಕ್ಕಿಂತ ಹೆಚ್ಚಾಗಿ ತಿಂದದ್ದು ಆ ಮನೆ. ಸಿದ್ದಲಿಂಗಪ್ಪನವರಿಗೆ ಇಟ್ಟಿಗೆಯ ಫ್ಲ್ಯಾಟ್ ಸಾಕಾಗಿತ್ತು. ಹಿಂದೆ ದೊಡ್ಡ ಗ್ಯಾರೇಜ್ ಇದೆ, ನಿಮ್ಮ ಎಮ್ಮೆಗಳಿಗೆ ಜಾಗವಾಗುತ್ತದೆ ಎಂದು ಹಟ ಹಿಡಿದು ಫೈಬ್ರೊ ಮನೆ ಆರಿಸಿದವರು ಆಕೆ. ಗೋಡೆ ಕೊರೆದವರೂ ಆಕೆ. ಆ ಧೂಳನ್ನು ಗಂಡನಿಗೂ ಒಬ್ಬಳೇ ಮಗಳಿಗೂ ಕುಡಿಸಿದವಳು ತಾನೇ ಎಂದು ಎಣಿಸಿಬಿಟ್ಟರು. ಮಗಳು ಪ್ರಾರ್ಥನಾ ತಾಯಿಯನ್ನು ನೋಡಿಕೊಳ್ಳಲು ಮೆಲ್ಬರ್ನ್‌ಗೆ, ಗ್ಲೆನ್ ವೇವರ್ಲಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಮಗಳು ಒಂದು ಸಲ ಕೆಮ್ಮಿದರೂ ವಾಸಂತಿ ಮಾತಿನ ನಡುವೆ ಸ್ತಬ್ಧರಾಗುತ್ತಿದ್ದರು. ಎದೆಯ ಸ್ಕ್ಯಾನ್ ಮಾಡಿಸಿಕೋ ಎಂದು ದಿನಾ ಕಾಡುತ್ತಿದ್ದರು. ಪೂಜೆ ನಿಲ್ಲಿಸಿದರು. ದೇವರಿಗಾಗಿ ಕೊರೆದ ಗೋಡೆಯೇ ಮನೆಮಂದಿಯನ್ನು ಕೊಂದಿತು, ಇನ್ನು ಯಾವ ಮುಖ ಇಟ್ಟುಕೊಂಡು ಕೂರಲಿ ಎಂದರಂತೆ.

ಸಿದ್ದಲಿಂಗಪ್ಪ ಸಿಡ್ನಿಯಲ್ಲೇ ಉಳಿದರು. ಗ್ಯಾರೇಜ್ ಖಾಲಿ ಮಾಡಿ ಬರುತ್ತೇನೆಂಬ ನೆಪ. ಮೊನಾರೊ ಹೋಯಿತು, ಫಾಲ್ಕನ್ ಹೋಯಿತು. ಉಳಿದದ್ದು ಕಿತ್ತಳೆ ಬಣ್ಣದ ಚಾರ್ಜರ್. ಅದನ್ನು ಮೆಲ್ಬರ್ನ್‌ನ ಬದರಿನಾಥ ಎಂಬ ಕ್ಲಬ್ಬಿನ ಗೆಳೆಯರಿಗೆ ಒಪ್ಪಿಸಬೇಕಿತ್ತು. ಇಂದು ನಾಳೆ ಎನ್ನುತ್ತ ಎರಡು ತಿಂಗಳು ಕಳೆದರು. ಒಂದು ಬೆಳಿಗ್ಗೆ ಮಗಳ ಫೋನ್ ಬಂತು.

"ಅಪ್ಪಾ, ಅಮ್ಮ ನಾಲ್ಕು ದಿನದಿಂದ ಏನೂ ತಿಂತಿಲ್ಲ. ನಾನೇ ನಿಮ್ಮನ್ನೆಲ್ಲ ಕೊಂದೆ ಅಂತ ಅದೊಂದೇ ಮಾತು. ಪ್ಲೀಸ್, ನೀನು ಬಂದು ಏನಾದ್ರೂ ಹೇಳು."

ಮರುದಿನ ಬೆಳಗ್ಗೆ ಚಾರ್ಜರ್ ಹೊರಟಿತು. ಹ್ಯೂಮ್ ಹೈವೇಯಲ್ಲಿ ಒಂಬತ್ತು ಗಂಟೆಯ ದಾರಿ. ಮೂವತ್ತು ವರ್ಷ ಇಂಥ ಪ್ರಯಾಣಕ್ಕಾಗಿ ಬದುಕಿದ್ದವರಿಗೆ ಅಂದು ಎಂಜಿನ್ನಿನ ಸದ್ದು ಕಿವಿಗೆ ಹಿಂಸೆಯಾಯಿತು. ಪೆಟ್ರೋಲಿಗೆ ನಿಲ್ಲಿಸಿದಲ್ಲೆಲ್ಲ ಜನ ಸುತ್ತುಗಟ್ಟಿದರು. ಒಬ್ಬ ಫೋಟೊ ತೆಗೆದುಕೊಂಡ. ಇನ್ನೊಬ್ಬ ಬಾನೆಟ್ ಸವರಿ, ಎಲ್ಲಾ ನೀವೇ ಮಾಡಿದ್ದಾ, ನಿಮ್ಮ ಕೈಯಿಂದಲೇ, ಎಂದು ಕಣ್ಣರಳಿಸಿ ಕೇಳಿದ. ಹೌದು, ಎಲ್ಲಾ ನಾನೇ ಮಾಡಿದ್ದು ಎಂದು ಹೇಳಿ ಸಿದ್ದಲಿಂಗಪ್ಪ, ಬಾನೆಟ್ಟಿನ ಮೇಲೆ ಮೂಡಿದ ಅವನ ಬೆರಳ ಗುರುತನ್ನು ಒರೆಸದೆಯೇ ಹೊರಟರು.

ಗ್ಲೆನ್ ವೇವರ್ಲಿ ಸೇರಿದಾಗ ಇನ್ನೂ ಬಿಸಿಲಿತ್ತು. ವಾಸಂತಿ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಮೂಗಿಗೆ ಆಮ್ಲಜನಕದ ಕೊಳವೆ. ಎರಡು ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದರು. ಗಂಡನನ್ನು ನೋಡಿದ್ದೇ ಮೊದಲು ಕೇಳಿದ್ದು, ಸ್ಕ್ಯಾನ್ ಮಾಡಿಸಿಕೊಂಡ್ರಾ ಎಂದು. ಸಿದ್ದಲಿಂಗಪ್ಪ ಕುರ್ಚಿ ಎಳೆದುಕೊಂಡು ಕೂತರು.

"ಆ ಮನೆಯಿಂದ ಬಂದಿದ್ದಲ್ಲ ವಾಸಂತಿ. ನನ್ನ ಬಟ್ಟೆಯಿಂದ ಬಂದಿದ್ದು."

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವನ್ನೂ ಹೇಳಿದರು. ಬ್ರೇಕಿನ ಧೂಳು, ಕಂಪ್ರೆಸರಿನ ಗಾಳಿ, ಲಾಂಡ್ರಿ ಕೋಣೆ. ಕ್ಲಬ್ಬಿನ ಮುದುಕ ಎಚ್ಚರಿಸಿದ್ದನ್ನೂ ತಾವು ಮಾಸ್ಕ್ ತಂದದ್ದನ್ನೂ ಮುಚ್ಚಿಡಲಿಲ್ಲ. ನರ್ಸಿನ ಮುಂದೆ ಬೇಕೆಂದೇ ತಲೆಯಾಡಿಸಿದೆ ಎಂದೂ ಹೇಳಿದರು. ಗೋಡೆಗೆ ನಾಲ್ಕು ತೂತು ಕೊರೆದದ್ದಕ್ಕೆ ಇದು ಬರುವುದು ಅಪರೂಪ, ಇಪ್ಪತ್ತು ವರ್ಷ ವಾರವಾರ ಆ ಬಟ್ಟೆ ಕೊಡವಿದ್ದಕ್ಕೆ ಬಂದದ್ದು ಎಂದರು. ವಾಸಂತಿ ಅಳಲಿಲ್ಲ, ಬೈಯಲಿಲ್ಲ. ಮೂಗಿನ ಕೊಳವೆ ಸರಿಮಾಡಿಕೊಂಡು ಕೇಳಿದರು.

"ಹಂಗಾದ್ರೆ ಮನೆಯಿಂದ ಏನೂ ಆಗಿಲ್ಲ?"

"ಇಲ್ಲ."

"ಪ್ರಾರ್ಥನಾಗೆ ಏನೂ ಆಗಲ್ಲ?"

ಸಿದ್ದಲಿಂಗಪ್ಪ ಉತ್ತರಿಸುವ ಮೊದಲೇ ಬಾಗಿಲ ಬಳಿಯಿಂದ ಮಗಳ ದನಿ ಬಂತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. "ನಂಗೇನಾಗುತ್ತೆ ಅಮ್ಮ? ನಾನು ಯಾವತ್ತಾದ್ರೂ ಬಟ್ಟೆ ಒಗೆದಿದೀನಾ? ಸೋಂಬೇರಿ ಅಂತ ನೀನೇ ಬೈತಿದ್ದೆ."

ವಾಸಂತಿಯ ಮುಖ ಸಡಿಲವಾಯಿತು. ಆಸ್ಪತ್ರೆಯ ಆ ದಿನದಿಂದ ಎಂಟು ತಿಂಗಳು ಕಾಣದಿದ್ದ ನಗುವಿನಂಥದ್ದೇನೋ ತುಟಿಯ ಮೇಲೆ ಬಂದು ಹೋಯಿತು. ಆಮೇಲೆ ಗಂಡನ ಕಡೆ ತಿರುಗಿದರು.

"ಬಟ್ಟೆ ವಿಷಯ ನೀವು ಗೊತ್ತಿಲ್ದೆ ಮಾಡಿದ್ದು ಬಿಡ್ರಿ, ನಾನೂ ಗೊತ್ತಿಲ್ದೆ ಒಗೆದೆ. ಆದ್ರೆ ಆಸ್ಪತ್ರೆಲಿ ಆವತ್ತೇ ಹೇಳಿದ್ರೆ ನಾನು ಇಷ್ಟು ದಿನ ನಿದ್ದೆನಾದ್ರೂ ಮಾಡ್ತಿದ್ದೆ. ಅದನ್ನ ಮಾತ್ರ ನಾನು ಮರೆಯಲ್ಲ."

ಅಷ್ಟು ಹೇಳಿ ಗೋಡೆಯ ಕಡೆ ಮಗ್ಗಲು ತಿರುಗಿದರು. ಸ್ವಲ್ಪ ಹೊತ್ತಿಗೆ ವಾಸಂತಿ ಗೋಡೆಯ ಕಡೆ ಮುಖ ಮಾಡಿಕೊಂಡೇ, ಒಂದಿಷ್ಟು ಅಕ್ಕಿ ಗಂಜಿ ಮಾಡಿಕೊಡು, ಹಸಿವಾಗ್ತೈತೆ ಎಂದು ಮಗಳಿಗೆ ಹೇಳಿದರು.

ಅಡುಗೆಮನೆಯಲ್ಲಿ ಪ್ರಾರ್ಥನಾ ಅಕ್ಕಿ ತೊಳೆದಳು. ಸಿದ್ದಲಿಂಗಪ್ಪ ಹಿಂದೆಯೇ ಬಂದು ನಿಂತರು. ಪೆಟ್ಟು ತಿಂದಿದ್ದರೂ ಎದೆಯ ಭಾರ ಇಳಿದಿತ್ತು. ಹೆಂಡತಿ ಊಟ ಕೇಳಿದ್ದಳು. ಇದೊಂದನ್ನಾದರೂ ಸರಿ ಮಾಡಿದೆ ಎಂದುಕೊಂಡು ಮಗಳ ತಲೆ ನೇವರಿಸಲು ಕೈ ಎತ್ತಿದರು. ಅವಳು ಪಕ್ಕಕ್ಕೆ ಸರಿದು ಒಲೆ ಹಚ್ಚಿದಳು.

"ಅಪ್ಪಾ, ಡ್ರಮ್‌ಗೆ ಗಾಳಿ ಹೊಡೀತಿದ್ದಿದ್ದು ನಾನು. ನಿಂಗೆ ನೆನಪಿಲ್ವಾ?"

ಸಿದ್ದಲಿಂಗಪ್ಪ ಎತ್ತಿದ ಕೈ ಇಳಿಸಿದರು.

ಅವಳು ದನಿ ಏರಿಸಲಿಲ್ಲ, ಒಲೆಯ ಉರಿ ನೋಡುತ್ತ ಹೇಳಿದಳು. "ನಂಗೆ ಏಳು ವರ್ಷ ಇದ್ದಾಗಿಂದ ಹೈಸ್ಕೂಲ್ ಸೇರೋವರೆಗೆ. ಎವ್ರಿ ಸಂಡೇ. ನೀನು ಡ್ರಮ್ ಬಿಚ್ಚಿ ನನ್ನ ಕೈಗೆ ಗಾಳಿ ಗನ್ ಕೊಡ್ತಿದ್ದೆ. ಅಮ್ಮ ನೋಡಿದ್ರೆ ಬೈತಾಳೆ ಅಂತ ಎಳೆದಿರ್ತಿದ್ದ ಶಟರ್ ಸಂದಿಯಿಂದ ಬಿಸಿಲು ಬಂದ್ರೆ ಧೂಳು ಹೊಳೀತಿತ್ತು. ನಾನು ಅದರೊಳಗೆ ಓಡಾಡ್ತಿದ್ದೆ. ನೀನು ನಗ್ತಿದ್ದೆ."

ಆಗ ನೆನಪಾಯಿತು. ಎರಡು ಜಡೆ, ಅಪ್ಪನ ಹಳೆಯ ಶರ್ಟು ಮೊಣಕಾಲವರೆಗೆ, ಗಾಳಿಯ ಗನ್ನು ಎರಡೂ ಕೈಯಲ್ಲಿ ಹಿಡಿದು ಕಿಲಕಿಲ ನಗುವ ಹುಡುಗಿ. ಎಂಟು ತಿಂಗಳು ಬಟ್ಟೆಯೊಂದನ್ನೇ ನೆನೆದು ಎದೆ ಬಡಿದುಕೊಂಡವರಿಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ಅವರು ಅಡುಗೆಮನೆಯ ಸ್ಟೂಲ್ ಎಳೆದುಕೊಂಡು ಕೂತರು. ನಾಳೆಯೇ ಸ್ಕ್ಯಾನ್ ಬುಕ್ ಮಾಡೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ತೊದಲಿದರು. ಹೋದ ತಿಂಗಳೇ ಮಾಡಿಸಿದ್ದಾಗಿದೆ, ಈಗೇನೂ ಕಾಣುತ್ತಿಲ್ಲವಂತೆ, ಇಪ್ಪತ್ತು ವರ್ಷ ಬಿಟ್ಟು ಏನೆಂದು ಯಾರೂ ಹೇಳಲಾರರಂತೆ ಎಂದು ಪ್ರಾರ್ಥನಾ ಹೇಳಿದಳು. ಸಿದ್ದಲಿಂಗಪ್ಪ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತರು. ಮಗಳು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಗಂಜಿ ಬೇಯುವವರೆಗೆ ಸೌಟು ತಿರುಗಿಸುತ್ತ ನಿಂತಿದ್ದಳು.

ಬಟ್ಟಲಿಗೆ ಬಗ್ಗಿಸಿ, ಉಪ್ಪು ಹಾಕಿ, ಅದನ್ನು ಅಪ್ಪನ ಕೈಗಿಟ್ಟಳು.

"ಅಮ್ಮ ಇರೋವರೆಗೆ ಅಮ್ಮಂಗೆ ಇದು ಗೊತ್ತಾಗಬಾರದು. ಈ ಸಲ ನೀನು ಸುಮ್ಮನಿರಲೇಬೇಕು."

ಸಿದ್ದಲಿಂಗಪ್ಪ ಮುಖ ತೊಳೆದುಕೊಂಡು ಕೋಣೆಗೆ ಹೋದರು. ವಾಸಂತಿ ದಿಂಬಿಗೆ ಒರಗಿ ಎದ್ದು ಕೂತಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದರು. ಗಂಡನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಮುಖ ನೋಡದೆಯೇ ಬಾಯಿ ತೆರೆದರು. ಒಂದು ಚಮಚ, ಎರಡು ಚಮಚ, ಅರ್ಧ ಬಟ್ಟಲು ಖಾಲಿಯಾಯಿತು. ಅಪ್ಪ ಮಗಳು ಇಷ್ಟು ಹೊತ್ತು ಒಳಗೆ ಏನು ಮಾತಾಡುತ್ತಿದ್ದಿರಿ ಎಂದು ಕೇಳಿದರು.

"ಏನಿಲ್ಲ," ಎಂದು ಸಿದ್ದಲಿಂಗಪ್ಪ ಇನ್ನೊಂದು ಚಮಚ ಗಂಜಿ ಎತ್ತಿದರು.